ಕ್ನೋಸೋಸ್ ಅರಮನೆಗೆ ಒಂದೇ ದಿನದ ಪ್ಯಾಕೇಜ್ ಕೊಳ್ಳುವ ಮುನ್ನ ಇದನ್ನು ಓದಿ

ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗುವವರು, ಅದರಲ್ಲೂ ಊರಿನಿಂದ ಬಂದ ಹಿರಿಯರನ್ನು ಜೊತೆಯಲ್ಲಿ ಕರೆದೊಯ್ಯುವವರು, ಮಿನೋವನ್ ಎಂಬ ಪ್ರಾಚೀನ ನಾಗರಿಕತೆಯ ಕ್ನೋಸೋಸ್ ಅರಮನೆ, ಲಸಿಥಿ ಪ್ರಸ್ಥಭೂಮಿ ಮತ್ತು ಜ್ಯೂಸ್ ದೇವನ ಗುಹೆಯನ್ನು ಒಂದೇ ದಿನದಲ್ಲಿ ತೋರಿಸುತ್ತೇವೆಂದು ಮಾರುವ ಪ್ಯಾಕೇಜುಗಳ ಬಗ್ಗೆ ತುಂಬಾ ಎಚ್ಚರದಿಂದಿರಬೇಕು. ನಾವು ಮ್ಯೂನಿಕ್‌ನಲ್ಲಿ ವಾಸವಾಗಿದ್ದೇವೆ. ಕಳೆದ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಬಂದಿದ್ದ ನನ್ನ ಅತ್ತೆ ಮಾವನವರನ್ನು ಕ್ರೀಟ್‌ಗೆ ಕರೆದುಕೊಂಡು ಹೋಗಿದ್ದೆವು. ಮಾವನವರು ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಯುರೋಪಿನಲ್ಲಿ ಏನು ನೋಡಬೇಕೆಂದು ಕೇಳಿದಾಗ ಪ್ಯಾರಿಸ್, ರೋಮ್ ಎನ್ನದೆ ಮೊದಲು ಕ್ನೋಸೋಸ್ ಎಂದವರು. ಅವರಿಗೆ ಅಲ್ಲಿ ಆದ ನಿರಾಸೆ ಇನ್ನೊಬ್ಬರಿಗೆ ಆಗಬಾರದೆಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಹೆರಾಕ್ಲಿಯನ್ ನಗರದ ಪೂರ್ವಕ್ಕೆ ಕಡಲ ತೀರದುದ್ದಕ್ಕೂ ಹೋಟೆಲುಗಳು ಸಾಲಾಗಿವೆ, ಅವುಗಳ ನಡುನಡುವೆ ಪ್ರವಾಸ ಮಾರುವ ಸಣ್ಣ ಕಚೇರಿಗಳಿವೆ. ಅಂಥ ಒಂದು ಕಚೇರಿಯ ಕರಪತ್ರದಲ್ಲಿ ಸರತಿಯಿಲ್ಲದೆ ಅರಮನೆಗೆ ಪ್ರವೇಶ, ಇಂಗ್ಲಿಷಿನಲ್ಲಿ ವಿವರಿಸುವ ಮಾರ್ಗದರ್ಶಿ, ಮ್ಯೂಸಿಯಂ ಭೇಟಿ, ಲಸಿಥಿಯ ಗಾಳಿಯಂತ್ರಗಳು, ಗುಹೆ, ಹಳ್ಳಿಯ ಊಟ, ಇವೆಲ್ಲವೂ ಒಂದೇ ದರದಲ್ಲಿ ಸೇರಿವೆ ಎಂದು ಅಚ್ಚಾಗಿತ್ತು. ಮೇಜಿನ ಹಿಂದಿದ್ದವರೂ ಅದನ್ನೇ ಬಾಯಿಮಾತಿನಲ್ಲಿ ದೃಢಪಡಿಸಿ ಪೂರ್ತಿ ಹಣವನ್ನು ಮುಂಗಡವಾಗಿ ಪಡೆದರು. ಕೈಗೆ ಕೊಟ್ಟ ರಸೀದಿಯಲ್ಲಿ ಮಾತ್ರ ಮೊತ್ತ ಮತ್ತು ಬಸ್ಸು ಬರುವ ಸಮಯ ಬಿಟ್ಟರೆ ಬೇರೇನೂ ಇರಲಿಲ್ಲ.

ಬಸ್ಸು ಬೆಳಿಗ್ಗೆ ಹೊತ್ತಿಗೆ ಸರಿಯಾಗಿಯೇ ಬಂತು. ಆದರೆ ಅದು ತೀರದ ಹೋಟೆಲುಗಳ ಮುಂದೆಲ್ಲ ನಿಂತು ಜನರನ್ನು ಹತ್ತಿಸಿಕೊಂಡು, ಆಮೇಲೆ ಒಂದು ಕುಂಬಾರಿಕೆ ಮಳಿಗೆಯಲ್ಲಿ ನಮ್ಮನ್ನು ಇಳಿಸಿತು. ಅಲ್ಲಿ ಚಕ್ರದ ಮೇಲೆ ಒಂದು ಹೂಜಿ ಮಾಡಿ ತೋರಿಸಿದರು, ಗಾಜಿನ ಕಪಾಟಿನಲ್ಲಿ ಹಳೆಯ ಪಾತ್ರೆಗಳ ನಕಲುಗಳನ್ನಿಟ್ಟಿದ್ದರು, ಹೊರಬರುವ ದಾರಿ ಅಂಗಡಿಯ ಮೂಲಕವೇ ಇತ್ತು. ಅದಾದ ಮೇಲೆ ಆಲಿವ್ ಎಣ್ಣೆಯ ಮಾರಾಟ ಕೇಂದ್ರ. ಕ್ನೋಸೋಸ್‌ನ ಬಾಗಿಲು ಮುಟ್ಟುವಾಗ ಜುಲೈ ತಿಂಗಳ ನಡುಮಧ್ಯಾಹ್ನ. ಹೆರಾಕ್ಲಿಯನ್ ನಗರದಿಂದ ಅರಮನೆ ಐದು ಕಿಲೋಮೀಟರಿನಷ್ಟು ದೂರದಲ್ಲಷ್ಟೇ ಇದೆ ಎಂಬುದನ್ನು ಇಲ್ಲಿ ಹೇಳಲೇಬೇಕು.

ಸರತಿಯಿಲ್ಲದ ಪ್ರವೇಶವೆಂದು ನಮಗೆ ಕೊಟ್ಟಿದ್ದ ಚೀಟಿ ಟಿಕೆಟ್ಟೇ ಆಗಿರಲಿಲ್ಲ. ಸಂಸ್ಥೆಯವರು ಗುಂಪಿಗೆಲ್ಲ ಟಿಕೆಟ್ ತರುವವರೆಗೂ ನಾವು ಬಿಸಿಲಲ್ಲಿ ಕಾಯಬೇಕಾಯಿತು. ಬಾಗಿಲ ಬಳಿ ನಮ್ಮ ‘ಮಾರ್ಗದರ್ಶಿ’ ತಾನು ಒಳಗೆ ವಿವರಣೆ ಕೊಡುವಂತಿಲ್ಲ, ತಿಳಿಯಬೇಕಾದುದನ್ನೆಲ್ಲ ಬಸ್ಸಿನಲ್ಲೇ ಹೇಳಿದ್ದೇನೆ, ಒಂದು ಗಂಟೆಯೊಳಗೆ ಹಿಂದಿರುಗಿ ಎಂದುಬಿಟ್ಟರು. ಕಾರಣ ಸರಳವಾದದ್ದು. ಗ್ರೀಸಿನ ಪುರಾತತ್ತ್ವ ನೆಲೆಗಳಲ್ಲಿ ಮಾರ್ಗದರ್ಶನ ಮಾಡಲು ಸರ್ಕಾರದ ಪರವಾನಗಿ ಬೇಕು. ಪರವಾನಗಿ ಪಡೆದವರ ಬಳಿ ಗುರುತಿನ ಚೀಟಿ ಇರುತ್ತದೆ. ನಮ್ಮ ಜೊತೆ ಬಂದವರು ಬಸ್ಸಿನ ಜೊತೆಗಾರರೇ ಹೊರತು ಮಾರ್ಗದರ್ಶಿಯಲ್ಲ, ಮತ್ತು ಈ ಸಂಗತಿ ಪ್ಯಾಕೇಜ್ ಮಾರಿದವರಿಗೆ ಮೊದಲೇ ಗೊತ್ತಿತ್ತು.

ಕ್ನೋಸೋಸ್‌ಗೆ ಒಂದು ಗಂಟೆ ಎಷ್ಟು ಕಡಿಮೆ ಎಂಬುದು ಆ ಜಾಗದ ಸ್ವರೂಪ ತಿಳಿದವರಿಗೆ ಮಾತ್ರ ಅರ್ಥವಾಗುತ್ತದೆ. ಕೆಫಾಲಾ ಎಂಬ ಆ ದಿಬ್ಬದ ಮೇಲೆ ಕ್ರಿ.ಪೂ. 7000ದ ಆಸುಪಾಸಿನಿಂದಲೇ ಜನವಸತಿಯಿತ್ತು. ಕ್ರಿ.ಪೂ. 1900ರ ಸುಮಾರಿಗೆ ಮೊದಲ ಅರಮನೆ ಎದ್ದು, ಅದು ಕ್ರಿ.ಪೂ. 1700ರ ಹೊತ್ತಿಗೆ ನಾಶವಾದ ಮೇಲೆ ಅದೇ ಜಾಗದಲ್ಲಿ ಇನ್ನೂ ವೈಭವದ ಅರಮನೆಯನ್ನು ಕಟ್ಟಲಾಯಿತು. ಇಂದು ಕಾಣುವ ಅವಶೇಷಗಳಲ್ಲಿ ಹೆಚ್ಚಿನವು ಈ ಎರಡನೆಯದರವು. ನಡುವಿನ ದೊಡ್ಡ ಅಂಗಳದ ಸುತ್ತ ಪಶ್ಚಿಮಕ್ಕೆ ಪೂಜೆಯ ಕೋಣೆಗಳು ಮತ್ತು ಉಗ್ರಾಣಗಳು, ಪೂರ್ವಕ್ಕೆ ಗುಡ್ಡವನ್ನು ಕಡಿದು ಅಂತಸ್ತು ಅಂತಸ್ತಾಗಿ ಇಳಿಸಿದ ವಾಸದ ಭಾಗ, ಅಲ್ಲಿಗೆ ಬೆಳಕು ಗಾಳಿ ತರುವ ತೆರೆದ ಬಾವಿಯಂಥ ಅಂಕಣಗಳು, ಮಹಾಸೋಪಾನ, ಮಣ್ಣಿನ ಕೊಳವೆಗಳಲ್ಲಿ ಹರಿಯುತ್ತಿದ್ದ ನೀರು, ಪಿಥೋಸ್ ಎಂಬ ಆಳೆತ್ತರದ ಮಣ್ಣಿನ ಗುಡಾಣಗಳು: ಇವನ್ನೆಲ್ಲ ನಿಂತು, ಒಂದರಿಂದ ಇನ್ನೊಂದಕ್ಕೆ ಸಂಬಂಧ ಕಟ್ಟಿಕೊಂಡು ನೋಡದಿದ್ದರೆ ಅಲ್ಲಿರುವುದು ಗೋಡೆಗಳ ಗೊಂದಲ ಮಾತ್ರ. ನಮಗೆ ಸಿಕ್ಕ ಸಮಯದ ಅರ್ಧಭಾಗ ಸಿಂಹಾಸನದ ಕೋಣೆಯ ಮುಂದಿನ ಸರತಿಯಲ್ಲೇ ಕಳೆಯಿತು. ಸರತಿಯಿಲ್ಲದ ಪ್ರವೇಶವೆಂದು ಯಾರು ಮಾರಿದರೂ ಈ ಒಳಗಿನ ಸರತಿಯನ್ನು ತಪ್ಪಿಸುವುದು ಅವರ ಕೈಯಲ್ಲಿಲ್ಲ. ಮಾವನವರಿಗೆ ಉಗ್ರಾಣಗಳ ಸಾಲನ್ನು ದೂರದಿಂದಲೂ ಸರಿಯಾಗಿ ನೋಡಲಾಗಲಿಲ್ಲ.

ಹಣ ಹೋದದ್ದಕ್ಕಿಂತ ನನಗೆ ಹೆಚ್ಚು ನೋವಾದದ್ದು ಬಸ್ಸಿನಲ್ಲಿ ಹೇಳಿದ ಸುಳ್ಳು ಇತಿಹಾಸದಿಂದ. ಕೆಂಪು ಬಣ್ಣದ ಆ ಪ್ರಸಿದ್ಧ ಕಂಬಗಳು ಮೂರೂವರೆ ಸಾವಿರ ವರ್ಷಗಳಿಂದ ಹಾಗೆಯೇ ನಿಂತಿವೆ, ಗೋಡೆಯ ಚಿತ್ರಗಳು ಮಣ್ಣಿನಿಂದ ಎದ್ದು ಬಂದ ಸ್ಥಿತಿಯಲ್ಲೇ ಇವೆ ಎಂದು ಆ ಜೊತೆಗಾರರು ಧ್ವನಿವರ್ಧಕದಲ್ಲಿ ಹೇಳಿದರು. ಮಾವನವರು ಕಂಬವೊಂದರ ಬಿರುಕನ್ನು ನೋಡಿ, “ನೋಡಮ್ಮಾ, ಇದು ಸಿಮೆಂಟು. ಆ ಕಾಲದಲ್ಲಿ ಇದೆಲ್ಲಿಂದ ಬಂತು?” ಎಂದು ನನ್ನನ್ನು ಕೇಳಿದರು. ಅವರು ಕೇಳಿದ್ದೇ ಸರಿ. ಈ ನೆಲೆಯಲ್ಲಿ ಮೊದಲು ಅಗೆದವರು ಹೆರಾಕ್ಲಿಯನ್ನಿನವರೇ ಆದ ಮಿನೋಸ್ ಕಲೋಕೈರಿನೋಸ್, 1878ರಲ್ಲಿ. ಉಗ್ರಾಣದ ಗುಡಾಣಗಳನ್ನು ಹೊರತೆಗೆದವರು ಅವರು. 1900ರಲ್ಲಿ ಬ್ರಿಟನ್ನಿನ ಆರ್ಥರ್ ಇವಾನ್ಸ್ ದೊಡ್ಡ ಪ್ರಮಾಣದ ಉತ್ಖನನ ಆರಂಭಿಸಿದರು. ಮೂಲ ಕಂಬಗಳು ಮರದವು. ಬುಡ ಕಿರಿದಾಗಿ ತಲೆ ಅಗಲವಾಗಿದ್ದ ಆ ಕಂಬಗಳು ಸುಟ್ಟೋ ಕೊಳೆತೋ ಹೋಗಿದ್ದವು. ಮಹಾಸೋಪಾನಕ್ಕೆ ಇವಾನ್ಸ್ ಮೊದಲು ಕೊಟ್ಟ ಮರದ ಆಸರೆಗಳೂ ಬಾಳಲಿಲ್ಲ, ಆಮೇಲೆ ಕಬ್ಬಿಣದ ತೊಲೆಗಳು ಬಂದವು, 1920ರ ದಶಕದಲ್ಲಿ ಕಬ್ಬಿಣ ಹೆಣೆದ ಕಾಂಕ್ರೀಟನ್ನು ಧಾರಾಳವಾಗಿ ಬಳಸಿ ಮೇಲಂತಸ್ತುಗಳನ್ನೂ ಕಂಬಗಳನ್ನೂ ಎಬ್ಬಿಸಲಾಯಿತು. ಅವರ ಈ ಪುನರ್‌ನಿರ್ಮಾಣ ಎಷ್ಟು ಸರಿ ಎಂಬುದರ ಬಗ್ಗೆ ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಹೀಗಳೆಯಬೇಕಾಗಿಲ್ಲ, ಏಕೆಂದರೆ ಆ ಕಾಂಕ್ರೀಟು ಇಲ್ಲದಿದ್ದರೆ ಸೋಪಾನದ ಅಂತಸ್ತುಗಳನ್ನು ನಮ್ಮಂಥವರು ಊಹಿಸಿಕೊಳ್ಳುವುದೂ ಕಷ್ಟವಾಗುತ್ತಿತ್ತು. ಆದರೆ ಯಾವುದು ಪ್ರಾಚೀನ ಕಲ್ಲು, ಯಾವುದು ನೂರು ವರ್ಷದ ಈಚಿನ ಊಹೆ ಎಂದು ತೋರಿಸಿಕೊಡದೆ ಎಲ್ಲವನ್ನೂ ಪುರಾತನವೆಂದು ನಂಬಿಸುವುದು ನೋಡಲು ಬಂದವರಿಗೆ ಮಾಡುವ ಅನ್ಯಾಯ.

ಸಿಂಹಾಸನದ ಕೋಣೆಯ ಉದಾಹರಣೆಯನ್ನೇ ನೋಡಿ. ಗೋಡೆಗೆ ಒರಗಿರುವ ಜಿಪ್ಸಂ ಕಲ್ಲಿನ ಪೀಠ ನಿಜವಾಗಿಯೂ ಅಲ್ಲಿಯೇ ಸಿಕ್ಕ ಮೂಲ ಪೀಠ. ಅದರ ಎರಡೂ ಬದಿಯ ಗ್ರಿಫಿನ್ (ಸಿಂಹದ ಮೈ, ಹದ್ದಿನ ತಲೆಯ ಕಾಲ್ಪನಿಕ ಪ್ರಾಣಿ) ಚಿತ್ರಗಳು ಇಪ್ಪತ್ತನೆಯ ಶತಮಾನದಲ್ಲಿ ಬರೆದ ಪ್ರತಿಗಳು. ಹೊರಗಿನ ಕೋಣೆಯಲ್ಲಿ, ಎಲ್ಲರೂ ಮೊದಲು ಫೋಟೋ ತೆಗೆದುಕೊಳ್ಳುವ ಮರದ ಆಸನ ಹೊಸದಾಗಿ ಮಾಡಿಸಿದ್ದು. ಮೂರೂ ಒಂದಕ್ಕೊಂದು ತಾಗಿಕೊಂಡೇ ಇವೆ. ಹೇಳುವವರಿಲ್ಲದಿದ್ದರೆ ನೋಡುವವರಿಗೆ ಗೊತ್ತಾಗುವುದು ಹೇಗೆ? ‘ಲಿಲಿ ಹೂಗಳ ರಾಜಕುಮಾರ’ ಎಂದು ಹೆಸರಾದ ಚಿತ್ರವನ್ನು ಬೇರೆಬೇರೆ ತುಣುಕುಗಳನ್ನು ಕೂಡಿಸಿ ರಚಿಸಲಾಗಿದ್ದು, ಆ ತುಣುಕುಗಳು ಒಂದೇ ವ್ಯಕ್ತಿಯವಲ್ಲ ಎಂದು ವಾದಿಸುವವರಿದ್ದಾರೆ. ಇಂಥ ಪುನರ್‌ರಚನೆಗಳನ್ನು ಇವಾನ್ಸ್‌ಗಾಗಿ ಮಾಡಿಕೊಟ್ಟವರು ಗಿಲಿಯೆರೋನ್ ಎಂಬ ಸ್ವಿಸ್ ಕಲಾವಿದರು, ತಂದೆ ಮತ್ತು ಮಗ. ಅರಮನೆಯಲ್ಲಿ ಕಾಣುವ ಭಿತ್ತಿಚಿತ್ರಗಳೆಲ್ಲ ಪ್ರತಿಗಳು, ಮೂಲ ತುಣುಕುಗಳಿರುವುದು ಹೆರಾಕ್ಲಿಯನ್ನಿನ ಪುರಾತತ್ತ್ವ ಮ್ಯೂಸಿಯಂನಲ್ಲಿ.

ಆ ಮ್ಯೂಸಿಯಂ ನಮ್ಮ ಪಾಲಿಗೆ ಬರಲೇ ಇಲ್ಲ. ಕರಪತ್ರದಲ್ಲಿದ್ದ ‘ಮ್ಯೂಸಿಯಂ ಭೇಟಿ’ ಯಾವಾಗ ಎಂದು ಕೇಳಿದಾಗ, ಬೆಳಿಗ್ಗೆ ಕುಂಬಾರಿಕೆ ಮಳಿಗೆಯ ಗಾಜಿನ ಕಪಾಟನ್ನು ನೋಡಿದಿರಲ್ಲ, ಅದೇ ಎಂದರು. ಕ್ನೋಸೋಸ್ ನೋಡಿ ಆ ಮ್ಯೂಸಿಯಂ ನೋಡದೆ ಬರುವುದೆಂದರೆ ಮದುವೆ ಮನೆಯ ಚಪ್ಪರ ನೋಡಿ ಒಳಗೆ ಕಾಲಿಡದೆ ಹಿಂದಿರುಗಿದ ಹಾಗೆ. ಗೂಳಿಯ ಬೆನ್ನ ಮೇಲೆ ಲಾಗ ಹಾಕುವ ಆಟಗಾರನ ಭಿತ್ತಿಚಿತ್ರ, ಕಪ್ಪು ಕಲ್ಲಿನಲ್ಲಿ ಕಡೆದ ಗೂಳಿಯ ತಲೆಯ ಪಾತ್ರೆ, ಎರಡೂ ಕೈಗಳಲ್ಲಿ ಹಾವು ಹಿಡಿದ ದೇವಿಯ ಪುಟ್ಟ ಮೂರ್ತಿ, ಕ್ರೀಟಿನದೇ ಮಾಲಿಯಾದಲ್ಲಿ ಸಿಕ್ಕ ಎರಡು ಜೇನುಹುಳಗಳ ಚಿನ್ನದ ಪದಕ, 1908ರಲ್ಲಿ ಫೈಸ್ಟೋಸ್ ಅರಮನೆಯಲ್ಲಿ ದೊರೆತು ಇಂದಿಗೂ ಯಾರಿಗೂ ಓದಲಾಗದ ಮಣ್ಣಿನ ಬಿಲ್ಲೆ, ಇವೆಲ್ಲ ಒಂದೇ ಸೂರಿನಡಿ ಇವೆ. ಮಾವನವರು ತಮ್ಮ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಹೇಳುತ್ತಿದ್ದ ಲೀನಿಯರ್ ಎ ಮತ್ತು ಲೀನಿಯರ್ ಬಿ ಎಂಬ ಪ್ರಾಚೀನ ಲಿಪಿಗಳ ಫಲಕಗಳೂ ಅಲ್ಲಿವೆ. ಎರಡನೆಯದನ್ನು 1952ರಲ್ಲಿ ಓದಿ ಅದು ಗ್ರೀಕ್ ಭಾಷೆಯದೇ ಎಂದು ತೋರಿಸಿದವರು ಮೈಕೆಲ್ ವೆಂಟ್ರಿಸ್. ಮೊದಲನೆಯದು ಇನ್ನೂ ಬಿಡಿಸಿಲ್ಲ. ಮರುದಿನ ಬೆಳಿಗ್ಗೆಯೇ ನಮ್ಮ ವಿಮಾನವಿದ್ದುದರಿಂದ ಅವರು ಇವುಗಳಲ್ಲಿ ಒಂದನ್ನೂ ನೋಡಲಿಲ್ಲ.

ಮಧ್ಯಾಹ್ನದ ನಂತರದ ಭಾಗವನ್ನು ಹೆಚ್ಚು ವಿವರಿಸುವುದಿಲ್ಲ. ಲಸಿಥಿಗೆ ಗುಡ್ಡದ ತಿರುವುಗಳ ದೀರ್ಘ ದಾರಿ. ಬಿಳಿ ಪಟಗಳು ತಿರುಗುವ ಗಾಳಿಯಂತ್ರಗಳು ಚಿತ್ರಗಳಲ್ಲಿ ತುಂಬಿದ್ದರೂ ಬಯಲಿನಲ್ಲಿ ಇಂದು ಬಹುತೇಕ ಉಳಿದಿಲ್ಲ. ಜ್ಯೂಸ್ ಹುಟ್ಟಿದನೆಂದು ಹೇಳುವ ಪ್ಸಿಕ್ರೋ ಗುಹೆ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ ಇದೆ. ವಾಹನ ನಿಲ್ಲುವ ಜಾಗದಿಂದ ಕಡಿದಾದ ಏರು, ಒಳಗೆ ತೇವದ ಮೆಟ್ಟಿಲುಗಳ ಇಳಿಜಾರು. ಮಂಡಿನೋವಿರುವ ನನ್ನ ಅತ್ತೆಯವರ ವಿಷಯವನ್ನು ಮುಂಗಡ ಕೊಡುವಾಗಲೇ ಹೇಳಿದ್ದೆವು, ಏನೂ ತೊಂದರೆಯಿಲ್ಲ ಎಂದಿದ್ದರು. ಅಲ್ಲಿ ಹೋದ ಮೇಲೆ ಹೇಸರಗತ್ತೆಗೆ ಬೇರೆ ಹಣ ಕೊಡಿ ಎಂದರು. ಅತ್ತೆ ಕೆಳಗೆ ಕಲ್ಲುಕಟ್ಟೆಯ ಮೇಲೆ ಕುಳಿತೇ ಉಳಿದರು. ಸಸ್ಯಾಹಾರಿಗಳೆಂದು ಬರೆಸಿದ್ದರೂ ಊಟಕ್ಕೆ ಮಾಂಸದ ತಟ್ಟೆಗಳಷ್ಟೇ ಬಂದವು. ಒಣ ಬಾರ್ಲಿ ರೊಟ್ಟಿಯ ಮೇಲೆ ಟೊಮೆಟೊ ಮತ್ತು ಚೀಸ್ ಹಾಕುವ ಡಾಕೋಸ್, ಬೇಯಿಸಿದ ಕಾಡುಸೊಪ್ಪಿನ ಹೋರ್ತಾ, ಹಳದಿ ಬೇಳೆಯ ಫಾವಾ, ಇಂಥ ಅಡುಗೆಗಳು ಮನೆಮನೆಯಲ್ಲಿರುವ ದ್ವೀಪದಲ್ಲಿ ಅತ್ತೆಯವರು ಬ್ರೆಡ್ಡು ಮತ್ತು ಮೊಸರು ತಿಂದರು. ಲಸಿಥಿ ಕೆಟ್ಟ ಜಾಗವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಅದರದೇ ಆದ ಒಂದು ದಿನ ಬೇಕು.

ಸಂಜೆ ಕಚೇರಿಗೆ ಹೋಗಿ ಕರಪತ್ರವನ್ನು ಮುಂದಿಟ್ಟು ಕೇಳಿದಾಗ, ಕಾರ್ಯಕ್ರಮ ಬದಲಾಗಬಹುದು ಎಂದು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿದ್ದ ಸಾಲನ್ನು ತೋರಿಸಿದರು. ಹಣ ಹಿಂದಿರುಗಲಿಲ್ಲ.

ಕ್ನೋಸೋಸ್‌ಗೆ ಪ್ಯಾಕೇಜಿನ ಅಗತ್ಯವೇ ಇಲ್ಲ. ಹೆರಾಕ್ಲಿಯನ್ ನಗರದ ಒಳಗೇ ಉಳಿದುಕೊಂಡರೆ ನಗರ ಸಾರಿಗೆಯ ಬಸ್ಸು ಅರಮನೆಯ ಬಾಗಿಲವರೆಗೂ ಹೋಗುತ್ತದೆ. ಗ್ರೀಸ್ ಸಂಸ್ಕೃತಿ ಸಚಿವಾಲಯದ ಅಧಿಕೃತ ಜಾಲತಾಣದಲ್ಲಿ ಟಿಕೆಟನ್ನು ಮೊದಲೇ ಕೊಂಡುಕೊಂಡು, ಬೇಸಿಗೆಯಾದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ನೇರವಾಗಿ ಸಿಂಹಾಸನದ ಕೋಣೆಗೆ ಹೋಗಿ, ಉಳಿದದ್ದನ್ನು ಆಮೇಲೆ ನಿಧಾನವಾಗಿ ನೋಡಿ. ನೆರಳು ತೀರಾ ಕಡಿಮೆ, ನೆಲ ಏರುತಗ್ಗು. ವಯಸ್ಸಾದವರಿಗೆ ಟೋಪಿ, ನೀರು, ಊರುಗೋಲು ಬೇಕೇ ಬೇಕು. ಬಿಸಿಗಾಳಿ ವಿಪರೀತವಾದ ದಿನಗಳಲ್ಲಿ ಗ್ರೀಸಿನ ಪ್ರಾಚೀನ ನೆಲೆಗಳನ್ನು ಮಧ್ಯಾಹ್ನದ ಕೆಲವು ಗಂಟೆ ಮುಚ್ಚಿಬಿಡುವುದುಂಟು, ಆದ್ದರಿಂದ ಮಧ್ಯಾಹ್ನ ಅಲ್ಲಿಗೆ ಮುಟ್ಟಿಸುವ ಯಾವ ಪ್ರವಾಸವನ್ನೂ ಒಪ್ಪಬೇಡಿ. ಮಧ್ಯಾಹ್ನವನ್ನು ನಗರದ ನಡುವೆಯೇ ಇರುವ, ತಂಪಾದ ಮ್ಯೂಸಿಯಂಗೆ ಮೀಸಲಿಡಿ. ಚಳಿಗಾಲದಲ್ಲಿ ಹೋಗುವವರಿಗೆ ನವೆಂಬರಿನಿಂದ ಮಾರ್ಚ್‌ವರೆಗೆ ಪ್ರತಿ ತಿಂಗಳ ಮೊದಲ ಭಾನುವಾರ ಸರ್ಕಾರಿ ನೆಲೆಗಳಿಗೂ ಮ್ಯೂಸಿಯಂಗಳಿಗೂ ಉಚಿತ ಪ್ರವೇಶವಿದೆ. ಮಿನೋವನ್ ಅರಮನೆಗಳು 2025ರ ಜುಲೈನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಜನಸಂದಣಿ ಇನ್ನೂ ಹೆಚ್ಚೀತೆಂದೇ ನನ್ನ ಎಣಿಕೆ.

ಮಾರ್ಗದರ್ಶಿ ಬೇಕೆನ್ನುವವರು ಪರವಾನಗಿಯ ಗುರುತಿನ ಚೀಟಿಯನ್ನು ಕೇಳಿ ನೋಡಿದ ಮೇಲೆಯೇ ದರ ಮಾತಾಡಿ. ಪರವಾನಗಿ ಇರುವವರು ಅದನ್ನು ತೋರಿಸಲು ಹಿಂಜರಿಯುವುದಿಲ್ಲ. ಇಷ್ಟಾದರೂ ಕಾರಣಾಂತರದಿಂದ ಪ್ಯಾಕೇಜನ್ನೇ ಕೊಳ್ಳಬೇಕಾಗಿ ಬಂದರೆ, ಅರಮನೆಯ ಒಳಗೆ ವಿವರಿಸುವವರು ಯಾರು, ಅಲ್ಲಿ ಎಷ್ಟು ಹೊತ್ತು ಬಿಡುತ್ತಾರೆ, ಟಿಕೆಟ್ಟು ದರದಲ್ಲಿ ಸೇರಿದೆಯೇ, ಮ್ಯೂಸಿಯಂ ಎಂದರೆ ಹೆರಾಕ್ಲಿಯನ್ ಪುರಾತತ್ತ್ವ ಮ್ಯೂಸಿಯಮ್ಮೇ, ದಾರಿಯಲ್ಲಿ ಎಷ್ಟು ಅಂಗಡಿಗಳಲ್ಲಿ ನಿಲ್ಲಿಸುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ರಸೀದಿಯ ಮೇಲೆಯೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆದುಕೊಡಲು ಒಪ್ಪದ ಕಚೇರಿಗೆ ಒಂದು ಯೂರೋ ಮುಂಗಡವನ್ನೂ ಕೊಡಬೇಡಿ.