ಮೆಗಾ ಮ್ಯಾನ್ 11: ಗೇರ್ ಕೈಗೆ ಹತ್ತಿದ ಮೇಲೆ

ಮೆಗಾ ಮ್ಯಾನ್ 11 ಎಂಬ ಈ ವಿಡಿಯೋ ಗೇಮ್ ವಿಪರೀತ ಕಷ್ಟ ಅನ್ನುವವರನ್ನು ಕೇಳಿ ನೋಡಿ, ಹೆಚ್ಚಿನವರು ಅದರಲ್ಲಿರುವ ಗೇರ್ ಎಂಬ ಹೊಸ ಸವಲತ್ತಿನ ಬಟನ್ ಒತ್ತದೆಯೇ ಆಡಿರುತ್ತಾರೆ. ಹಳೇ ಮೆಗಾ ಮ್ಯಾನ್ ಆಡಿ ಬೆಳೆದವರಿಗೇ ಈ ಹಟ ಜಾಸ್ತಿ. ಹಾರು, ಜಾರು, ಗುಂಡು ಹಾರಿಸು, ಇಷ್ಟರಲ್ಲೇ ಮುಗಿಸಬೇಕು, ಉಳಿದದ್ದೆಲ್ಲ ಮಕ್ಕಳಿಗೆ ಅಂತ. ಈ ಸರಣಿಯ ಬೇರೆ ಆಟಗಳಿಗೆ ಆ ಹಟ ಸರಿ, ಇದಕ್ಕೆ ಸಲ್ಲ.

ಮೊದಲ ಆಟ ಬಂದದ್ದು 1987ರಲ್ಲಿ, ಜಪಾನಿನ ಟಿವಿ ಗೇಮ್ ಯಂತ್ರ ಫ್ಯಾಮಿಕಾಮ್‌ಗೆ. ಅಲ್ಲಿ ಈ ರೋಬೋ ನಾಯಕನ ಹೆಸರು ರಾಕ್‌ಮ್ಯಾನ್. 2008ರ ಒಂಬತ್ತನೆಯದನ್ನೂ 2010ರ ಹತ್ತನೆಯದನ್ನೂ ತಯಾರಕ ಕಂಪನಿ ಕ್ಯಾಪ್‌ಕಾಮ್ ಬೇಕೆಂದೇ ಹಳೇ ಎಂಟು ಬಿಟ್ ಚಿತ್ರದಲ್ಲಿ ಮಾಡಿತು. ಆಮೇಲೆ ಎಂಟು ವರ್ಷ ಸದ್ದಿಲ್ಲ. ಸರಣಿಯ ಮುಖವೇ ಆಗಿದ್ದ ವಿನ್ಯಾಸಕ ಕೇಜಿ ಇನಾಫುನೆ ಕಂಪನಿ ಬಿಟ್ಟದ್ದೂ 2010ರಲ್ಲೇ. ಮುಗಿಯಿತು ಬಿಡು ಅಂದುಕೊಂಡಿದ್ದಾಗ 2018ರ ಅಕ್ಟೋಬರ್‌ನಲ್ಲಿ ಹನ್ನೊಂದನೆಯದು ಬಂತು. ಪಾತ್ರಗಳು ಈಗ ಮೂರು ಆಯಾಮದವು, ಓಟ ಮಾತ್ರ ಹಿಂದಿನಂತೆ ಎಡದಿಂದ ಬಲಕ್ಕೆ. ಹೊಸ ಬಣ್ಣ ನೋಡಿ ಮೊದಲು ಮುಖ ಸಿಂಡರಿಸಿದ್ದೆ. ಈಗ ಅದೇ ಚೆಂದ ಅನಿಸುತ್ತದೆ. ಆಯುಧ ಬದಲಿಸಿದಾಗ ಬಣ್ಣದ ಜೊತೆಗೆ ಅವನ ಶಿರಸ್ತ್ರಾಣ, ತೋಳುಗಳ ರೂಪವೂ ಬದಲಾಗುವುದಂತೂ ನೋಡಲೇಬೇಕು.

ಇನ್ನು ಗೇರ್ ವಿಷಯ. ಭುಜದ ಬಟನ್‌ಗಳಲ್ಲಿ ಒಂದು ಸ್ಪೀಡ್ ಗೇರ್, ಇನ್ನೊಂದು ಪವರ್ ಗೇರ್. ಮೊದಲನೆಯದು ಸುತ್ತಲಿನ ಕಾಲವನ್ನೇ ನಿಧಾನ ಮಾಡುತ್ತದೆ, ಎರಡನೆಯದು ಗುಂಡಿನ ಬಲ ಹೆಚ್ಚಿಸುತ್ತದೆ. ಆರಿಸದೆ ಹಾಗೇ ಚಾಲೂ ಇಟ್ಟರೆ ಮೀಟರ್ ತುಂಬಿ ಯಂತ್ರ ಕಾಯುತ್ತದೆ, ತಣ್ಣಗಾಗುವವರೆಗೆ ಎರಡೂ ಸಿಗುವುದಿಲ್ಲ. ನಾನು ಮುಂಬೈ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಲೆಕ್ಕ ಬರೆಯುವವನು. ಕಾವಲಿ ಮಿತಿಮೀರಿ ಕಾಯುವ ಮೊದಲೇ ನೀರು ಚಿಮುಕಿಸುವ ನಮ್ಮ ಭಟ್ಟರ ಹಾಗೆ ಆಡಬೇಕು ಇದನ್ನು. ಅರ್ಧ ಸೆಕೆಂಡ್ ಹಾಕು, ಆರಿಸು, ಹಾರು, ಮತ್ತೆ ಹಾಕು. ಜೀವ ಕೊನೆಗೆ ಬಂದಾಗ ಎರಡನ್ನೂ ಒಟ್ಟಿಗೆ ಒತ್ತಿದರೆ ಡಬಲ್ ಗೇರ್. ಅದು ಮುಗಿದ ಮೇಲೆ ಕೆಲಹೊತ್ತು ಮೆಗಾ ಮ್ಯಾನ್ ಸೊರಗುತ್ತಾನೆ, ಹಾಗಾಗಿ ಹಂತದ ಕೊನೆಯ ದೊಡ್ಡ ಶತ್ರು, ಅಂದರೆ ಬಾಸ್, ಸಾಯುವುದು ಖಚಿತವಿದ್ದರೆ ಮಾತ್ರ ಕೈಹಾಕಿ.

ನಲವತ್ತು ದಾಟಿದ ಕೈಗೆ ಇದು ದೊಡ್ಡ ಉಪಕಾರ. ಮೂವತ್ತು ವರ್ಷದ ಹಿಂದೆ ಲ್ಯಾಮಿಂಗ್ಟನ್ ರೋಡಿನಿಂದ ತಂದ ಟಿವಿ ಗೇಮಿನಲ್ಲಿ ಕ್ಯಾಸೆಟ್ ಊದಿ ಊದಿ ಹಾಕಿ ಆಡುತ್ತಿದ್ದಾಗಿನ ಬೆರಳು ಈಗಿಲ್ಲ. ಕಷ್ಟವನ್ನು ಕಡಿಮೆ ಮಾಡಿಕೊಳ್ಳುವ ಅಧಿಕಾರ ಸೆಟ್ಟಿಂಗ್‌ನಲ್ಲಿ ಅಡಗಿರದೆ ಆಟದ ನಡುವೆಯೇ ಬೆರಳ ತುದಿಯಲ್ಲಿರುವುದು ನನಗೆ ಹಿಡಿಸಿದ ಸಂಗತಿ. ಮುಖ್ಯ ಸರಣಿಯ ಹಿಂದಿನ ಹತ್ತರಲ್ಲಿ ಈ ಗೇರ್ ಇರಲಿಲ್ಲ.

ನಾನು ಆಡುವುದು ಕೈಯಲ್ಲೇ ಹಿಡಿದು ಆಡಬಹುದಾದ ನಿಂಟೆಂಡೊ ಸ್ವಿಚ್‌ನಲ್ಲಿ, ಹೆಚ್ಚಾಗಿ ಡೊಂಬಿವಲಿಯಿಂದ ಹೊರಡುವ ಮಧ್ಯಾಹ್ನದ ಸ್ಲೋ ಲೋಕಲ್‌ನಲ್ಲಿ. ಬೆಳಗಿನ ಗಾಡಿಯಲ್ಲಿ ಕೈ ಎತ್ತಲೂ ಜಾಗವಿರುವುದಿಲ್ಲ, ಆ ಆಸೆ ಬೇಡ. ಇಲ್ಲೊಂದು ತೊಂದರೆ ಇದೆ. ಹಂತಗಳು ಉದ್ದ, ಸತ್ತರೆ ಮತ್ತೆ ಶುರುವಾಗುವ ಚೆಕ್‌ಪಾಯಿಂಟ್ ಕಡಿಮೆ, ಹಂತದ ನಡುವೆ ಸೇವ್ ಇಲ್ಲ. ಇಳಿಯುವಾಗ ಯಂತ್ರವನ್ನು ಹಾಗೇ ಸ್ಲೀಪ್‌ಗೆ ಹಾಕುತ್ತೇನೆ. ಕಂಪ್ಯೂಟರಿನಲ್ಲಿ ಆಡುವವರು ಸಮಯ ನೋಡಿಕೊಂಡು ಶುರು ಮಾಡಿ. ಅದರಲ್ಲೂ ಬೌನ್ಸ್ ಮ್ಯಾನ್ ಎಂಬ ಬಾಸ್ ಇರುವ ಹಂತ ಮುಗಿಯುವುದೇ ಇಲ್ಲ ಅನಿಸುತ್ತದೆ. ರಬ್ಬರ್ ಚೆಂಡಿನ ಮೇಲೆ ಪುಟಿಯುವುದು ಮೊದಲ ಕೋಣೆಯಲ್ಲಿ ಮಜಾ, ಕೊನೆಯ ಕೋಣೆ ಹೊತ್ತಿಗೆ ಪೂರಾ ಬೋರ್. ಟಾರ್ಚ್ ಮ್ಯಾನ್ ಹಂತದಲ್ಲಿ ಬೆನ್ನಟ್ಟಿ ಬರುವ ಬೆಂಕಿಯ ಗೋಡೆ ತಾಗಿದರೆ ಸಾವೇ. ಅಲ್ಲಿ ಸ್ಪೀಡ್ ಗೇರ್ ಬಳಸದಿದ್ದರೆ ದೇವರೇ ಗತಿ.

ಅದೇ ಟುಂಡ್ರಾ ಮ್ಯಾನ್! ಐಸ್ ಸ್ಕೇಟಿಂಗ್ ಮಾಡುತ್ತಾ, ಪ್ರೇಕ್ಷಕರಿದ್ದಾರೋ ಎಂಬಂತೆ ಬಾಗಿ ವಂದಿಸುವ ಈ ಬಾಸ್‌ನ ಬಿನ್ನಾಣಕ್ಕೆ ಸೋತು ಎಷ್ಟೋ ಸಲ ಏಟು ತಿಂದಿದ್ದೇನೆ. ಬ್ಲಾಕ್ ಮ್ಯಾನ್ ಅರ್ಧ ಜೀವ ಹೋದ ಮೇಲೆ ಪವರ್ ಗೇರ್ ಹಾಕಿ ಕಲ್ಲಿನ ರಾಕ್ಷಸನಾಗುತ್ತಾನೆ. ಗೇರ್ ನಮಗೊಬ್ಬರಿಗೇ ಅಲ್ಲ, ಬಾಸ್‌ಗಳ ಹತ್ತಿರವೂ ಇದೆ ಎಂಬುದು ಒಳ್ಳೆಯ ಯೋಚನೆ. ಗೆದ್ದ ಬಾಸ್‌ನ ಆಯುಧ ಇನ್ನೊಬ್ಬನಿಗೆ ಮದ್ದು ಎಂಬ ಹಳೇ ಲೆಕ್ಕ ಇಲ್ಲೂ ಇದೆ: ಬ್ಲಾಕ್ ಮ್ಯಾನ್ ಆಯುಧ ಆ್ಯಸಿಡ್ ಮ್ಯಾನ್‌ಗೆ, ಅವನದ್ದು ಇಂಪ್ಯಾಕ್ಟ್ ಮ್ಯಾನ್‌ಗೆ. ಮುಂದಿನದನ್ನು ನೀವೇ ಹುಡುಕಿ, ಆಟದ ಅರ್ಧ ಸುಖ ಅದರಲ್ಲೇ ಇದೆ. ಆಯುಧಗಳು ಬಾಸ್‌ಗಷ್ಟೇ ಸೀಮಿತವಾಗದೆ ದಾರಿಯುದ್ದಕ್ಕೂ ಉಪಯೋಗಕ್ಕೆ ಬರುತ್ತವೆ. ಬಲ ಸ್ಟಿಕ್ ತಿರುಗಿಸಿದರೆ ಸಾಕು, ಆಯುಧ ಬದಲಾಗುತ್ತದೆ; ಮೆನು ತೆರೆದು ಮುಚ್ಚುವ ಕಾಟವಿಲ್ಲ.

ಕೊನೆಗೆ ಬರುವ ಖಳನಾಯಕ ವೈಲಿಯ ಕೋಟೆ ಮಾತ್ರ ಸಪ್ಪೆ. ಎಂಟು ಬಾಸ್‌ಗಳ ಹಂತಗಳಿಗೆ ಅಷ್ಟು ಶ್ರಮ ಹಾಕಿದವರು ಇಲ್ಲಿ ಅವಸರ ಮಾಡಿದ್ದಾರೆ. ಇರುವುದು ನಾಲ್ಕೇ ಹಂತ, ಅದರಲ್ಲಿ ಕೊನೆಯ ಎರಡು ಬರೀ ಬಾಸ್ ಕಾಳಗ. ಸಂಗೀತವೂ ಅಷ್ಟಕ್ಕಷ್ಟೆ: ಕೇಳುವಾಗ ಚೆನ್ನಾಗಿದೆ, ಗಾಡಿಯಿಂದ ಇಳಿದ ಮೇಲೆ ಬಾಯಲ್ಲಿ ಉಳಿಯುವುದಿಲ್ಲ.

ಹೊಸಬರು ಹೆದರಬೇಕಿಲ್ಲ. ನ್ಯೂಕಮರ್, ಕ್ಯಾಶುಯಲ್, ನಾರ್ಮಲ್, ಸೂಪರ್‌ಹೀರೋ ಅಂತ ನಾಲ್ಕು ದರ್ಜೆಗಳಿವೆ. ನ್ಯೂಕಮರ್‌ನಲ್ಲಿ ಲೈಫ್‌ಗೆ ಲೆಕ್ಕವಿಲ್ಲ. ಅಕ್ಕನ ಮಗ ರಜೆಗೆ ಬಂದಾಗ ಅದರಲ್ಲೇ ಆಡಿದ. "ಮಾಮಾ, ನೀವ್ಯಾಕೆ ಸುಮ್ಮನೆ ಸಾಯ್ತೀರಿ?" ಅಂತ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಸಿಕ್ಕ ಬೋಲ್ಟ್‌ಗಳನ್ನು ನಾಣ್ಯದಂತೆ ಕೂಡಿಟ್ಟು ಆಟದೊಳಗಿನ ಅಂಗಡಿಯಾದ ಲ್ಯಾಬ್‌ನಲ್ಲಿ ಮೊದಲು ಸ್ಪೀಡ್ ಗೇರ್ ಬೂಸ್ಟರ್ ಕೊಳ್ಳಿ. ಕಾಲ ನಿಧಾನವಾದರೂ ನಿಮ್ಮ ಓಟ ನಿಧಾನವಾಗುವುದಿಲ್ಲ. ಸೂಪರ್‌ಹೀರೋದಲ್ಲಿ ಶತ್ರು ಸತ್ತರೂ ಜೀವದ ಗುಳಿಗೆ ಬೀಳುವುದಿಲ್ಲ, ಅದಕ್ಕೆ ವ್ಯವಧಾನವಿದ್ದರೆ ಮಾತ್ರ ಹೋಗಿ. ಕಥೆ ಮುಗಿಸಿದವರು ಜಂಪ್ ಸೇವರ್ ಸವಾಲು ನೋಡಿ. ಆದಷ್ಟು ಕಡಿಮೆ ಸಲ ಹಾರಿ ಹಂತ ದಾಟಬೇಕು. ಹಾರುವುದೇ ಕಸುಬಾದ ಆಟದಲ್ಲಿ ಹಾರಬೇಡ ಅನ್ನುವ ಆ ಕುಚೋದ್ಯ ಯಾರಿಗೆ ಹೊಳೆಯಿತೋ, ನಾನಂತೂ ಈಗ ಹೆಚ್ಚಾಗಿ ಆಡುವುದು ಅದನ್ನೇ.