ಡೈರಿಯೋ, ಆ್ಯಪ್ಪೋ, ವಾಟ್ಸಾಪ್ ಗ್ರೂಪೋ?

ಬರುವ ವರ್ಷದಿಂದ ಅಚ್ಚು ಹಾಕಿದ ಡೈರಿ ಬೇಕಾ, ಆ್ಯಪ್ ಒಂದೇ ಸಾಕಾ ಎಂದು ಮಗಳ ಶಾಲೆಯವರು ಪೋಷಕರನ್ನು ಕೇಳಿದ್ದಾರೆ. ಮಲಾಡ್ ಕಡೆಯ ಕ್ಯಾಥೊಲಿಕ್ ಪ್ರೈಮರಿ ಶಾಲೆ. ಅವಳು ಮೂರನೇ ಕ್ಲಾಸು. ಅಲ್ಲಿಯ ಸುದ್ದಿ ನಮ್ಮ ಮನೆಗೆ ನಾಲ್ಕು ದಾರಿಯಲ್ಲಿ ಬರುತ್ತದೆ: ಡೈರಿ, ಆ್ಯಪ್, ತಾಯಂದಿರ ವಾಟ್ಸಾಪ್ ಗ್ರೂಪ್, ಮತ್ತೆ ಪಕ್ಕದ ಫ್ಲ್ಯಾಟಿನವರು ತರುವ ಚರ್ಚಿನ ಬುಲೆಟಿನ್. ಊರಿಂದ ಬಂದು ಮುಂಬೈಯಲ್ಲಿ ನೆಲೆಸಿದ ಎಷ್ಟೋ ಮಂದಿಯ ಮಕ್ಕಳು ಇಂಥ ಶಾಲೆಗಳಲ್ಲೇ ಇದ್ದಾರೆ, ಅಲ್ವಾ? ಅವರಿಗೆ ಉಪಯೋಗ ಆಗಬಹುದು ಎಂದು ಬರೆಯುತ್ತಿದ್ದೇನೆ.

ಆ್ಯಪ್‌ನ ಕೆಲಸ ಚೊಕ್ಕ. ಫೀಸ್ ಎಷ್ಟು, ಕೊನೆಯ ದಿನ ಯಾವುದು, ಓಪನ್ ಹೌಸ್ ಎಷ್ಟು ಗಂಟೆಗೆ, ಎಲ್ಲ ಸರಿಯಾಗಿ ಸಿಗುತ್ತದೆ. ಮಳೆಗಾಲದಲ್ಲಂತೂ ಅದನ್ನು ಬಿಟ್ಟರೆ ಗತಿ ಇಲ್ಲ. ರೆಡ್ ಅಲರ್ಟ್ ಬಂದ ರಾತ್ರಿ ವಾಟ್ಸಾಪ್‌ನಲ್ಲಿ ಮುಂಬೈ ಪಾಲಿಕೆ ಬಿಎಂಸಿಯ ರಜೆ ನೋಟಿಸ್ ಓಡಾಡುತ್ತದೆ. ತಾರೀಖು ನೋಡಿದರೆ ಹೋದ ವರ್ಷದ್ದು! ಆ್ಯಪ್‌ನಲ್ಲಿ ಬಂದರೆ ಮಾತ್ರ ರಜೆ ಎಂಬುದು ನಮ್ಮ ಮನೆಯ ಕಾನೂನು.

ಹಾಗಂತ ಗ್ರೂಪನ್ನು ಪೂರ್ತಿ ಬೈಯುವ ಹಾಗಿಲ್ಲ. ನಾಲ್ಕನೇ ಕ್ಲಾಸಿನವರೆಗಿನ ತರಗತಿಗಳನ್ನು ಬೆಳಗ್ಗೆ 9ಕ್ಕಿಂತ ಮೊದಲು ಶುರು ಮಾಡಬೇಡಿ ಎಂದು 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಹೇಳಿತು. ಶಾಲೆಯಿಂದ ಒಂದು ಮಾತು ಬರುವ ಮೊದಲೇ ಗ್ರೂಪಿನಲ್ಲಿ ಯುದ್ಧ. ಬಸ್ಸಿನವರು ಎರಡು ಟ್ರಿಪ್ ಹೇಗೆ ಹೊಡೆಯುತ್ತಾರೆ, ಚರ್ಚ್‌ಗೇಟ್ ಲೋಕಲ್ ಹಿಡಿಯುವವರು ಮಗುವನ್ನು ಯಾರ ಕೈಗೆ ಒಪ್ಪಿಸಬೇಕು ಅಂತ. ಆ ಜಗಳದಲ್ಲೇ ನನಗೆ ರಿಕ್ಷಾ ಹಂಚಿಕೊಳ್ಳುವ ಇಬ್ಬರು ತಾಯಂದಿರು ಸಿಕ್ಕಿದರು. ಉಳಿದದ್ದೆಲ್ಲ ಗುಡ್ ಮಾರ್ನಿಂಗ್, ಬರ್ತ್‌ಡೇ ಕೇಕು.

ಧರ್ಮದ ವಿಷಯಕ್ಕೆ ಬಂದರೆ ಡೈರಿಯ ಹತ್ತಿರ ಯಾವುದೂ ನಿಲ್ಲುವುದಿಲ್ಲ. ನಾವು ಕಾರ್ಕಳದ ಹಿಂದೂಗಳು. ಅತ್ತೂರು ಚರ್ಚಿನ ಜಾತ್ರೆ ಸಾಂತ್‌ಮಾರಿಗೆ ಹೋಗಿ ಮೇಣದಬತ್ತಿ ಹಚ್ಚಿ ಬೆಳೆದವರು. ಹಾಗಾಗಿ ಭಯ ಏನೂ ಇಲ್ಲ, ಆದರೆ ಶಾಲೆಯಲ್ಲಿ ಏನು ನಡೆಯುತ್ತದೆ ಎಂದು ತಿಳಿಯಬೇಕು. ಕ್ಯಾಥೊಲಿಕ್ ಮಕ್ಕಳಿಗೆ ಕ್ಯಾಟೆಕಿಸಂ, ಅಂದರೆ ಅವರ ಧರ್ಮದ ಪಾಠ, ಇರುವ ಹೊತ್ತಿನಲ್ಲಿ ಉಳಿದವರಿಗೆ ನೀತಿಪಾಠ. ಪೋಷಕರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧರ್ಮದ ಪಾಠಕ್ಕೆ ಕೂರಿಸುವ ಹಾಗಿಲ್ಲ ಎಂದು ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ. ಡೈರಿಯ ಟೈಮ್‌ಟೇಬಲ್‌ನಲ್ಲಿ ಎರಡೂ ಪಾಠ ಅಕ್ಕಪಕ್ಕ ಅಚ್ಚಾಗಿವೆ. ಆ್ಯಪ್‌ನಲ್ಲಿ ‘ಪೀರಿಯಡ್ 5’ ಅಷ್ಟೇ.

ಈಸ್ಟರ್‌ಗೆ ಮುಂಚೆ ಬರುವ ಲೆಂಟ್ ವ್ರತದ ಕಾಲ ನೋಡಿ. ಆ್ಯಪ್‌ನಲ್ಲಿ ಒಂದೇ ಸಾಲು: ‘ಒಂದು ಕಿಲೋ ಅಕ್ಕಿ ಕಳಿಸಿ.’ ಯಾಕೆ, ಯಾರಿಗೆ, ಇಲ್ಲ. ಡೈರಿಯಲ್ಲಿ ಒಂದು ಪುಟವೇ ಇತ್ತು. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರ ಬಿಟ್ಟು 40 ದಿನ. ಪ್ರಾರ್ಥನೆ, ಉಪವಾಸ, ದಾನ. ಎಲ್ಲ ಮಕ್ಕಳಿಗೆ ತಿಳಿಯುವ ಇಂಗ್ಲಿಷಿನಲ್ಲಿ. ಕೆಳಗೆ ‘ನಾನು ಬಿಡುವುದು’ ಎಂದು ಖಾಲಿ ಗೆರೆ. ಮಗಳು ಯೂಟ್ಯೂಬ್ ಎಂದು ಬರೆದಳು. ಆಮೇಲೆ ಅಳಿಸಿ ಹಾಗಲಕಾಯಿ ಎಂದು ತಿದ್ದಿದಳು.

ಸೆಪ್ಟೆಂಬರ್ 8 ಕೂಡ ಹಾಗೆಯೇ. ಡೈರಿಯಲ್ಲಿ ಮಾತೆ ಮೇರಿಯ ಹುಟ್ಟುಹಬ್ಬ ಎಂದಿತ್ತು. ಪಕ್ಕದ ಮನೆಯವರು ಕಿನ್ನಿಗೋಳಿಯವರು. ಅವರಿಗೆ ಅದು ಮೋಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಬಾಂದ್ರಾದ ಮೌಂಟ್ ಮೇರಿ ಜಾತ್ರೆಯೂ ಅದರ ಹಿಂದೆಯೇ, ಮರುಭಾನುವಾರದಿಂದ ಒಂದು ವಾರ. ಇದನ್ನೆಲ್ಲ ಅವರು ಚರ್ಚಿನ ಬುಲೆಟಿನ್ ಹಿಡಿದುಕೊಂಡು ತುಳುವಿನಲ್ಲಿ ಹೇಳಿದರು. ಆ ಬುಲೆಟಿನ್ ನಮ್ಮಂಥವರಿಗೆ ನೇರ ಬರುವುದಿಲ್ಲ, ಅದೇ ಅದರ ಕೊರತೆ. ಆದರೆ ಶಾಲೆಯ ಹಳೆಯ ವಾಚ್‌ಮನ್ ತೀರಿಕೊಂಡದ್ದು ನನಗೆ ಗೊತ್ತಾದದ್ದು ಅದರಿಂದ. ಆ ವಾರ ಆ್ಯಪ್‌ನಲ್ಲಿ ಬಂದದ್ದು ಫೀಸಿನ ರಿಮೈಂಡರ್.

ಇನ್ನು ಮಕ್ಕಳ ಮನಸ್ಸಿನ ವಿಷಯ. ಆ್ಯಪ್‌ನಲ್ಲಿ ಅದಕ್ಕೆಂದೇ ಒಂದು ವಿಭಾಗ ಇದೆ. ನೀರು ಕುಡಿಯಿರಿ, ಬೇಗ ಮಲಗಿ, ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ ಎಂಬ ಪೋಸ್ಟರ್‌ಗಳು. ನೋಡಲು ಚೆಂದ. ಎರಡನೇ ಕ್ಲಾಸಿನಲ್ಲಿ ಮಗಳಿಗೆ ದಿನಾ ಬೆಳಗ್ಗೆ ಹೊಟ್ಟೆನೋವು ಶುರುವಾಯಿತು. ಹೆಸರು ಹೇಳದೆ ಗ್ರೂಪಿನಲ್ಲಿ ಕೇಳಿದೆ. ಓಮದ ನೀರು ಕೊಡಿ ಎಂದರು, ಡಾಕ್ಟರ ನಂಬರ್ ಕೊಟ್ಟರು. ಒಬ್ಬರು ಸುಮ್ನೆ ಟೀಚರ್ ಮೇಲೆ ಹಾರಿದರು. ಅಷ್ಟು ಜನರ ಮುಂದೆ ಮಗುವಿನ ಕಷ್ಟ ಹರಡುವುದಾದರೂ ಹೇಗೆ?

ಕೊನೆಗೆ ಡೈರಿಯ ರಿಮಾರ್ಕ್ ಕಾಲಂನಲ್ಲಿ ಟೀಚರ್ ಬರೆದರು: ‘ಟಿಫಿನ್ ಹಾಗೇ ವಾಪಸ್ ಬರುತ್ತಿದೆಯಾ? ಗುರುವಾರ ಶಾಲೆ ಬಿಟ್ಟ ಮೇಲೆ ಸಿಗಿ.’ ಹೋದೆ. ರಿಸೆಸ್‌ನಲ್ಲಿ ಮಗು ಒಬ್ಬಳೇ ಕೂತಿರುವುದನ್ನು ಮೊದಲು ನೋಡಿದ್ದು ಕಾರಿಡಾರ್ ಒರೆಸುವ ಮಾವ್ಶಿಯಂತೆ. ಅವಳ ಬೆಂಚಿನ ಗೆಳತಿ ಬೇರೆ ಡಿವಿಷನ್‌ಗೆ ಹೋಗಿದ್ದಳು. ಇಷ್ಟೇ ಕಾರಣ. ನಮಗೆ ಇಷ್ಟೇ, ಅವಳಿಗೆ ಅದು ಪ್ರಪಂಚವೇ. ಕೌನ್ಸೆಲರ್ ಅವಳ ಹತ್ತಿರ ಮಾತಾಡಿದರು. ಟೀಚರ್ ಇನ್ನೊಂದು ಹುಡುಗಿಯ ಜೊತೆ ಲೈಬ್ರರಿ ಪುಸ್ತಕ ಹಂಚುವ ಕೆಲಸ ಕೊಟ್ಟರು. ಹೊಟ್ಟೆನೋವು ನಿಧಾನಕ್ಕೆ ಹೋಯಿತು.

ಡೈರಿಗೂ ದೋಷ ಉಂಟು. ಮಳೆಯಲ್ಲಿ ನೆನೆಯುತ್ತದೆ, ಬ್ಯಾಗಿನ ಭಾರ ಜಾಸ್ತಿ ಮಾಡುತ್ತದೆ. ‘ಕ್ಲಾಸಿನಲ್ಲಿ ತುಂಬ ಮಾತು’ ಎಂದು ಬರೆದ ದಿನ ಅದು ಮನೆಯಲ್ಲಿ ಕಾಣೆಯಾಗುತ್ತದೆ. ಓದದೆ ಸಹಿ ಹಾಕುವ ಅಪ್ಪಂದಿರೂ ಇದ್ದಾರೆ. ಆದರೂ ಈ ನಾಲ್ಕರಲ್ಲಿ ಮಗುವಿನ ಕೈಯಲ್ಲಿರುವುದು ಅದೊಂದೇ. ಆ್ಯಪ್ ನನ್ನ ಫೋನಿನಲ್ಲಿದೆ, ಅವಳಿಗೆ ಫೋನಿಲ್ಲ. ಡೈರಿಯ ಕೊನೆಯ ಪುಟದಲ್ಲಿ 1098, ಮಕ್ಕಳ ಸಹಾಯವಾಣಿ. ಅದನ್ನು ಅವಳೇ ಓದಿ, ಇದು ಯಾರಿಗೆ ಹೋಗುತ್ತದೆ, ಯಾವಾಗ ಮಾಡಬೇಕು ಎಂದು ಕೇಳಿದಳು. ಅಂದು ಊಟದ ಹೊತ್ತಿಗೆ ನಾವು ಮಾತಾಡಿದ್ದು ಅದನ್ನೇ.

ಶಾಲೆಯ ಫಾರ್ಮ್‌ನಲ್ಲಿ ‘ಎರಡೂ’ ಎಂಬ ಖಾನೆ ಇಲ್ಲ. ಡೈರಿಗೆ ಟಿಕ್ ಹಾಕಿ, ರಜೆ ಮತ್ತು ಫೀಸ್ ಮಾತ್ರ ಆ್ಯಪ್‌ನಲ್ಲಿರಲಿ ಎಂದು ಪಕ್ಕದಲ್ಲಿ ಬರೆದು ಕಳಿಸಿದೆ. ಖರ್ಚು ಉಳಿಸಬೇಕಿದ್ದರೆ ದಪ್ಪ ರಟ್ಟು, ಬಣ್ಣದ ಫೋಟೋ ತೆಗೆಯಲಿ. ರಿಮಾರ್ಕ್ ಕಾಲಂ ಮುಟ್ಟುವುದು ಬೇಡ.