ಅಡಿಕೆ ತೋಟದ ನಡುವೆ ರಂಬುಟಾನ್ ಹಾಕಿಸ್ತೇವೆ ಅಂತ ಬರುವವರ ಬಗ್ಗೆ ಎಚ್ಚರ

ಬೆಳ್ತಂಗಡಿ, ಪುತ್ತೂರು, ಸುಳ್ಯ ಕಡೆಯವರು ದಯವಿಟ್ಟು ಪೂರ್ತಿ ಓದಿ. ಸಾವಯವ ಅಡಿಕೆ ತೋಟ ಇರುವವರನ್ನೇ ಹುಡುಕಿಕೊಂಡು ಬರುತ್ತಾರೆ. ಒಳ್ಳೆ ಮರದ ಚಿಗುರುಕಣ್ಣು ಕೂರಿಸಿದ ಹಣ್ಣಿನ ಕಸಿ ಗಿಡ, ಅದಕ್ಕೆ ಬೇಕಾದ ಸಾವಯವ ಗೊಬ್ಬರ, ಕೊನೆಗೆ ಹಣ್ಣನ್ನೂ ನಾವೇ ಒಯ್ಯುತ್ತೇವೆ ಎನ್ನುವ ಪ್ಯಾಕೇಜ್. ನನಗೆ ಕೊಟ್ಟದ್ದು ಕಸಿ ಗಿಡ ಅಲ್ಲ. ಬೀಜದ ಗಿಡ. ಅದು ಗೊತ್ತಾಗುವಾಗ ಐದು ವರ್ಷ ಕಳೆದಿತ್ತು. ವಕೀಲರು ಬೇಡ ಅಂದದ್ದಕ್ಕೆ ಹೆಸರು ಹಾಕುತ್ತಿಲ್ಲ.

2018ರ ಮಳೆಗಾಲ ನೆನಪಿದೆ ಅಲ್ವಾ? ಅಡಿಕೆಗೆ ಬೋರ್ಡೋ ಮದ್ದು ಹೊಡೆಯಲು ಮಳೆ ಬಿಡುವು ಕೊಡಲಿಲ್ಲ, ಕೊಳೆರೋಗಕ್ಕೆ ಗೊನೆಗೊನೆಯೇ ಉದುರಿತು. ಒಂದೇ ಬೆಳೆ ನಂಬಿದರೆ ಆಗಲಿಕ್ಕಿಲ್ಲ ಅಂತ ಎಲ್ಲರೂ ಮಾತಾಡುತ್ತಿದ್ದ ಸಮಯ. ಮರುವರ್ಷ ಇವರು ಬಂದರು. ಮೊಬೈಲಿನಲ್ಲಿ ಫೋಟೋ ತೋರಿಸಿದರು. ಮರಗಳ ನಡುವೆ ಕೆಂಪು ಕೆಂಪು ರಂಬುಟಾನ್ ಗೊಂಚಲು. "ಸರ್, ಕಸಿ ಗಿಡ, ಮೂರನೇ ವರ್ಷಕ್ಕೆ ಫಲ. ನಿಮ್ಮ ಸಾವಯವಕ್ಕೆ ಡಬಲ್ ರೇಟು." ಆ ಫೋಟೋ ತೆಂಗಿನ ತೋಟದ್ದು! ಅವರ ಕೈಪಿಡಿಯಲ್ಲಿ ಅದೇ ಚಿತ್ರ ಇದೆ, ಈಗ ನೋಡಿದರೆ ಬುಡದ ದಪ್ಪದಲ್ಲೇ ಗೊತ್ತಾಗುತ್ತದೆ. ತೆಂಗಿಗೆ 25 ಅಡಿ ಅಂತರ ಬಿಟ್ಟಿರುತ್ತೇವೆ, ನಡುವೆ ಬಿಸಿಲು ಬೀಳುತ್ತದೆ. ಅಡಿಕೆಗೆ 9 ಅಡಿ. ಬಾಳೆ, ಕೋಕೋ, ಕಾಳುಮೆಣಸು ಆ ನೆರಳಲ್ಲಿ ನಡೆಯುತ್ತವೆ. ರಂಬುಟಾನ್‌ಗೆ ಬಿಸಿಲು ಬೇಕು. ಇದು ಅವರಿಗೆ ಗೊತ್ತಿಲ್ಲದ್ದಲ್ಲ.

ಗಿಡಕ್ಕೆ 380 ರೂಪಾಯಿ. ರಂಬುಟಾನ್ ಮತ್ತು ಬೆಣ್ಣೆಹಣ್ಣು. ಅವರದೇ ಜನ ಬಂದು ಗುಂಡಿ ತೆಗೆದು ನೆಟ್ಟರು. ಬೆಣ್ಣೆಹಣ್ಣನ್ನು ತಗ್ಗಿನಲ್ಲಿ, ನೀರು ಹರಿಯುವ ಕಣಿಯ ಪಕ್ಕದಲ್ಲೇ ನೆಟ್ಟರು. ಅದರ ಬೇರಿಗೆ ನೀರು ನಿಂತರೆ ಆಗುವುದಿಲ್ಲ, ಕೊಳೆಯುತ್ತದೆ. ಎರಡನೇ ಮಳೆಗಾಲಕ್ಕೇ ಎಲೆ ಹಳದಿಯಾಗಿ ಬಾಡಿದವು. ಕಿತ್ತು ನೋಡಿದರೆ ಸಣ್ಣ ಬೇರೆಲ್ಲ ಕಪ್ಪು. ಫೋನ್ ಮಾಡಿದರೆ "ಬೇರೆ ಗಿಡ ಕೊಡ್ತೇವೆ ಸರ್, ಅರ್ಧ ರೇಟಿಗೆ."

ಮೂರನೇ ವರ್ಷ ರಂಬುಟಾನ್ ಹೂ ಬಿಡಲಿಲ್ಲ. "ನೆರಳು ಉಂಟಲ್ವಾ ಸರ್, ಸ್ವಲ್ಪ ತಡ." ನಾಲ್ಕನೇ ವರ್ಷವೂ ಇಲ್ಲ. "ಮುಂದಿನ ಸಲ ಗ್ಯಾರಂಟಿ." ಅಷ್ಟರಲ್ಲಿ ನನ್ನ ತೋಟ ನೋಡಿ ಇನ್ನಿಬ್ಬರು ಇವರಿಂದಲೇ ಗಿಡ ತಗೊಂಡರು. ಇವತ್ತು ಅವರ ಎದುರು ನಿಲ್ಲಲು ನಾಚಿಕೆಯಾಗುತ್ತದೆ. ಎಲ್ಲಕ್ಕಿಂತ ಜಾಸ್ತಿ ನನಗೆ ಉರಿಯುವುದು ಅದೇ.

2024ರಲ್ಲಿ ಅಂಚಿನ ಸಾಲುಗಳು ಹೂ ಬಿಟ್ಟವು. ಮರ ತುಂಬ ಹೂ. ಜೇನು ಮುತ್ತಿಕೊಂಡಿತ್ತು. ಮನೆಯಲ್ಲಿ ಎಲ್ಲರಿಗೂ ಖುಷಿ. ಆಮೇಲೆ ಹೂವೆಲ್ಲ ಉದುರಿತು, ಒಂದು ಮಿಡಿ ಇಲ್ಲ. ರಂಬುಟಾನ್ ಬೆಳೆದು ಅನುಭವ ಇರುವ ಹಿರಿಯರೊಬ್ಬರನ್ನು ಕರೆತಂದೆ. ಉಳಿದಿದ್ದ ಒಂದು ಗೊಂಚಲನ್ನು ಅಂಗೈಯಲ್ಲಿ ಬಿಡಿಸಿ ತೋರಿಸಿದರು. ಕಾಯಿ ಕಟ್ಟುವ ಹೂವಿನ ನಡುವೆ ಎರಡಾಗಿ ಕವಲೊಡೆದ ಸಣ್ಣ ತುದಿ ಇರುತ್ತದೆ, ಅದರ ಬುಡದಲ್ಲಿ ಕಾಯಿಯ ಮೊಗ್ಗೆ. ನನ್ನ ಹೂವಿನಲ್ಲಿ ಇದ್ದದ್ದು ಬರೀ ಪರಾಗದ ಎಳೆಗಳು. "ಮಾರಾಯ್ರೇ, ಇದು ಗಂಡು ಮರ. ಬೀಜದಿಂದ ಎಬ್ಬಿಸಿದರೆ ಹೆಚ್ಚುಕಮ್ಮಿ ಅರ್ಧ ಗಂಡೇ ಬರುವುದು. ಕಸಿಯಾದರೆ ಹೀಗೆ ಆಗುವುದಿಲ್ಲ."

ಇಲ್ಲ, ಇದು ಕಸಿ ಗಿಡವೇ, ಕಸಿ ಕಟ್ಟಿದ ಜಾಗಕ್ಕೆ ಟೇಪು ಸುತ್ತಿ ಕೊಟ್ಟಿದ್ದರು ಅಂತ ನಾನು ವಾದ ಮಾಡಿದೆ. ಒಳಗಿನ ಸಾಲಿನಲ್ಲಿ, ಕಡು ನೆರಳಲ್ಲಿ, ಮೊಣಕಾಲೆತ್ತರಕ್ಕೇ ನಿಂತುಬಿಟ್ಟ ಒಂದು ಗಿಡ ಇತ್ತು. ಅದರ ಟೇಪು ಹಾಗೇ ಇತ್ತು. ಆ ಹಿರಿಯರು ಕಿಸೆಯಿಂದ ಚೂರಿ ತೆಗೆದು ಬಿಚ್ಚಿದರು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಒಳಗೆ ಏನೂ ಇಲ್ಲ. ಏನೂ ಇಲ್ಲ! ಕಣ್ಣು ಕೂರಿಸಿದ ಗುರುತಿಲ್ಲ, ತಾಯಿ ಕಾಂಡ ಕತ್ತರಿಸಿದ ಮೊಟಕು ಇಲ್ಲ, ಚೂರಿ ತಾಗಿದ ಗೀರು ಸಹ ಇಲ್ಲ. ನುಣ್ಣಗಿನ ತೊಗಟೆ ಕೆಳಗಿಂದ ಮೇಲಿನವರೆಗೆ. ಬೀಜದ ಗಿಡಕ್ಕೆ ಸುಮ್ನೆ ಟೇಪು ಸುತ್ತಿ ಕಸಿ ಅಂತ ಮಾರಿದ್ದಾರೆ. ಆ ಟೇಪನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಆಮೇಲೆ ಗಿಡ ಕೊಟ್ಟವರ ಮಾತು ಕೇಳಿ. ಮೊದಲ ಫೋನಿಗೆ: "ಮೊದಲ ಹೂ ಎಲ್ಲಾ ಕಡೆ ಉದುರುತ್ತೆ ಸರ್." ಎರಡನೆಯದಕ್ಕೆ: "ಜೇನು ಪೆಟ್ಟಿಗೆ ಇಡಿ. ನಮ್ಮಲ್ಲೇ ಉಂಟು, ಡಿಸ್ಕೌಂಟ್ ಕೊಡ್ತೇವೆ." ಗಂಡು ಮರಕ್ಕೆ ಜೇನು ಪೆಟ್ಟಿಗೆ! ಟೇಪಿನ ಫೋಟೋ ಕಳಿಸಿದೆ. ನೋಡಿದ್ದಾರೆ ಅಂತ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಕೊನೆಗೆ ಆಫೀಸಿಗೇ ಹೋಗಿ ಒಪ್ಪಂದದ ಕಾಗದ ಮೇಜಿನ ಮೇಲಿಟ್ಟೆ. ಅಲ್ಲಿದ್ದವನು ಓದಿ, ತಣ್ಣಗೆ ಹೇಳಿದ: "ಹಣ್ಣು ಬಂದರೆ ತಗೊಳ್ತೇವೆ ಅಂತ ಬರೆದದೆ. ಹಣ್ಣು ಬರುತ್ತೆ ಅಂತ ಎಲ್ಲಿ ಬರೆದದೆ ಸರ್?" ನನ್ನ ಮಗನ ವಯಸ್ಸಿನವನು. ಆ ಮಾತು ಈಗಲೂ ರಾತ್ರಿ ನಿದ್ದೆ ಕೆಡಿಸುತ್ತದೆ. ಎದ್ದು ಬರುವಾಗ ಇನ್ನೊಂದು ಸೇರಿಸಿದ: "ನೀವು ಸಾವಯವ ಅಂತ ಹಠ ಹಿಡಿದು ಸರಿಯಾಗಿ ಗೊಬ್ಬರ ಹಾಕಲಿಲ್ಲ."

ಗೊಬ್ಬರದ ವಿಷಯ ಹೇಳಲೇಬೇಕು. ಅವರು ಕೊಟ್ಟ ಚೀಲದ ಮೇಲೆ ಸಾವಯವ ಅಂತ ದೊಡ್ಡದಾಗಿ ಇತ್ತು, ಒಳಗೆ ಏನಿದೆ ಅಂತ ಎಲ್ಲೂ ಇರಲಿಲ್ಲ. ಕಪ್ಪು ಹರಳು. ಹಾಕಿದ ಕೆಲವೇ ದಿನಕ್ಕೆ ಎಲೆ ಕಡು ಹಸಿರಾಯಿತು. ನಮ್ಮದು ಪಿಜಿಎಸ್ ಗುಂಪು, ಅಂದರೆ ಸಾವಯವ ಸರ್ಟಿಫಿಕೇಟಿಗಾಗಿ ರೈತರೇ ಸೇರಿ ಮಾಡಿಕೊಂಡದ್ದು, ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸುತ್ತೇವೆ. ಗುಂಪಿನವರು ಚೀಲ ನೋಡಿ ಸಂಶಯ ಪಟ್ಟರು, ಮಾದರಿ ಪರೀಕ್ಷೆಗೆ ಹೋಯಿತು. ಎರೆಗೊಬ್ಬರದಲ್ಲಿ ಸಾರಜನಕ ಸಾಮಾನ್ಯವಾಗಿ ಶೇ. 1ರಿಂದ 2. ಇದರಲ್ಲಿ ಅದರ ಎಷ್ಟೋ ಪಟ್ಟು. ರಾಸಾಯನಿಕ ಬೆರೆಸಿದ್ದರು. ರಾಸಾಯನಿಕ ಬಿಟ್ಟ ಮೇಲೆ ಸಾವಯವ ಅಂತ ಒಪ್ಪುವವರೆಗಿನ ಪರಿವರ್ತನೆಯ ಅವಧಿ ಬಹುವಾರ್ಷಿಕ ಬೆಳೆಗೆ 3 ವರ್ಷ, ಗೊತ್ತಲ್ಲ. ನನ್ನ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು. ಕಾಳುಮೆಣಸಿಗೆ ಸಿಗುತ್ತಿದ್ದ ಸಾವಯವ ದರ ಹೋಯಿತು. ಹಣ್ಣೂ ಇಲ್ಲ, ಇದ್ದ ಸರ್ಟಿಫಿಕೇಟೂ ಇಲ್ಲ.

ಆಮೇಲೆ ಕಾಯಿ ಕಟ್ಟಿದ ಮರಗಳೂ ಕೆಲವು ಇವೆ. ಹಣ್ಣು ಸಣ್ಣದು, ಹುಳಿ, ತಿರುಳು ಬೀಜ ಬಿಟ್ಟು ಬರುವುದಿಲ್ಲ. ಒಯ್ಯಲು ಯಾರೂ ಬರಲಿಲ್ಲ. ಅಂಚಿನ ಗಂಡು ಮರಗಳನ್ನು ಈಗ ಕತ್ತರಿಸಿ, ಹೊಸ ಚಿಗುರಿಗೆ ಒಳ್ಳೆ ಮರದ ಕಣ್ಣು ಕೂರಿಸುತ್ತಿದ್ದೇನೆ. ಒಳಗಿನವನ್ನು ಕಿತ್ತು ಮತ್ತೆ ಬಾಳೆ ಹಾಕಿದ್ದೇನೆ.

ತೋಟದಲ್ಲಿ ಹಣ್ಣು ಬೇಡ ಅಂತ ನಾನು ಹೇಳುವುದಿಲ್ಲ. ಬಿಸಿಲಿರುವ ಅಂಚಿಗೆ ಹಾಕಿ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ತಳಿಗಳಿವೆ, ರಂಬುಟಾನ್‌ನಲ್ಲಿ ಅರ್ಕಾ ಕೂರ್ಗ್ ಅರುಣ್, ಬೆಣ್ಣೆಹಣ್ಣಿನಲ್ಲಿ ಅರ್ಕಾ ಸುಪ್ರೀಂ. ವಿಚಾರಿಸಿ. ಯಾರಿಂದ ತಗೊಂಡರೂ ಹಣ ಕೊಡುವ ಮೊದಲು ಒಂದೆರಡು ಗಿಡದ ಟೇಪು ಬಿಚ್ಚಿಸಿ ನೋಡಿ. ಬಿಚ್ಚಲು ಒಪ್ಪದಿದ್ದರೆ ಗಾಡಿ ವಾಪಸ್ ಕಳಿಸಿ. ಬಿಲ್ಲಿನಲ್ಲಿ ತಳಿಯ ಹೆಸರು ಮತ್ತು ಕಸಿ ಎನ್ನುವ ಪದ ಬರೆಸಿ. ನನ್ನ ಬಿಲ್ಲಿನಲ್ಲಿ "ಹಣ್ಣಿನ ಗಿಡ" ಅಂತ ಮಾತ್ರ ಇದೆ. ಬೀಜ ಖರೀದಿಸಿದ ರೈತರೂ ಗ್ರಾಹಕರೇ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ, ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆದರೆ ಈ ಬಿಲ್ಲು ಹಿಡಿದುಕೊಂಡು ವಾದ ಕಷ್ಟ ಅಂತ ವಕೀಲರು ಹೇಳುತ್ತಾರೆ. ಗೊಬ್ಬರವನ್ನಂತೂ ಅವರಿಂದ ತಗೊಳ್ಳಲೇಬೇಡಿ.

ಮೊನ್ನೆ ಅದೇ ಪಿಕಪ್ ಸುಳ್ಯದ ಕಡೆ ಕಂಡಿದೆ, ಬೋರ್ಡು ಮಾತ್ರ ಬೇರೆ. ಈ ಸಲ ಮ್ಯಾಂಗೊಸ್ಟೀನ್ ಅಂತೆ. ಅದರಲ್ಲಿ ಗಂಡು ಮರದ ರಗಳೆ ಇಲ್ಲ, ಬೀಜದ ಗಿಡವೂ ತಾಯಿಮರದ ಹಾಗೇ ಬರುತ್ತದೆ. ಆದರೆ ಬೀಜದ ಗಿಡ ಫಲ ಕೊಡಲು ಏಳೆಂಟು ವರ್ಷಕ್ಕೂ ಜಾಸ್ತಿ ಬೇಕು. ಅಷ್ಟು ಹೊತ್ತಿಗೆ ಇವರ ಬೋರ್ಡು ಎಷ್ಟನೆಯದೋ. ಇವರಿಂದ ಗಿಡ ತಗೊಂಡವರು ಬಿಲ್ಲು ಹುಡುಕಿ ಇಟ್ಟುಕೊಂಡು ನನಗೆ ಮೆಸೇಜ್ ಮಾಡಿ. ನಾವು ಮೂವರು ಸೇರಿ ದೂರು ಬರೆಯುತ್ತಿದ್ದೇವೆ, ನಿಮ್ಮದನ್ನೂ ಸೇರಿಸೋಣ.